ಜ್ಞಾನದ ಮನೆಗೆ ಎರಡು ಸಲ ಬೆಂಕಿ

ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾದ ಅಂಗಳದಲ್ಲಿ ಒಂದು ಅಮೃತಶಿಲೆಯ ಪೀಠವನ್ನು ತಂದಿರಿಸಲಾಗಿದೆ. 19ನೆಯ ಶತಮಾನದಲ್ಲಿ ಹತ್ತಿರದಲ್ಲೇ ನೆಲ ಅಗೆಯುವಾಗ ಸಿಕ್ಕಿದ್ದು. ಅದರ ಮೇಲೆ ಲ್ಯಾಟಿನ್‌ನಲ್ಲಿಯೂ ಗ್ರೀಕಿನಲ್ಲಿಯೂ ಬರೆಹವಿದೆ. ಒಂದು ಕಾಲಕ್ಕೆ ಈ ಪೀಠದ ಮೇಲೆ ಕೆನ್ನೀಲಿ ಪಾರ್ಫಿರಿ ಕಲ್ಲಿನ ಕಂಬ ನಿಂತಿತ್ತು. ಕಂಬದ ತುದಿಯಲ್ಲಿ ಸಾಮ್ರಾಜ್ಞಿ ಯುಡೋಕ್ಸಿಯಾಳ ಬೆಳ್ಳಿಯ ಪ್ರತಿಮೆ ಇತ್ತು. ಈಗ ಬೆಳ್ಳಿಯೂ ಇಲ್ಲ, ಕಂಬವೂ ಇಲ್ಲ.

403ರಲ್ಲಿ ಆ ಪ್ರತಿಮೆ ನಿಲ್ಲಿಸಿದಾಗ ಕುಣಿತ, ವೇಷ, ಕೇಕೆಗಳ ಗದ್ದಲವೆಲ್ಲ ಪಕ್ಕದ ಚರ್ಚಿನೊಳಗೆ ಕೇಳಿಸುತ್ತಿತ್ತು. ಒಳಗೆ ಪೂಜೆ ನಡೆಸುತ್ತಿದ್ದ ಬಿಷಪ್ ಸುಮ್ಮನಿರುವ ಆಸಾಮಿಯಲ್ಲ. ಬಾಯಿಬಿಟ್ಟು ಖಂಡಿಸಿದ. ವರ್ಷ ತುಂಬುವುದರೊಳಗೆ ಬಿಷಪ್ ಗಡೀಪಾರಾಗಿದ್ದ, ಚರ್ಚು ಬೂದಿಯಾಗಿತ್ತು.

ಆ ಚರ್ಚಿನ ಜಾಗದಲ್ಲೇ ಇಂದಿನ ಹಾಗಿಯಾ ಸೋಫಿಯಾ ನಿಂತಿದೆ. ಸೋಫಿಯಾ ಎಂಬ ಸಂತಳ ಹೆಸರಿನಲ್ಲಿ ಕಟ್ಟಿದ್ದು ಎಂದುಕೊಂಡವರು ಬಹಳ ಜನ. ಗ್ರೀಕಿನಲ್ಲಿ ಹಾಗಿಯಾ ಎಂದರೆ ಪವಿತ್ರ, ಸೋಫಿಯಾ ಎಂದರೆ ಜ್ಞಾನ. ಈ ಚರ್ಚು ಮೀಸಲಾದದ್ದು ಯಾವ ಸಂತಳಿಗೂ ಅಲ್ಲ, ದೇವರ ಜ್ಞಾನಕ್ಕೆ.

ಈ ಹೆಸರಿನ ಬೇರು ಹಳೆಯ ಒಡಂಬಡಿಕೆಯಲ್ಲಿದೆ. ಕನ್ನಡ ಬೈಬಲು ಜ್ಞಾನೋಕ್ತಿಗಳು ಎಂದು ಕರೆಯುವ ಪುಸ್ತಕದ ಮೊದಲ ಒಂಬತ್ತು ಅಧ್ಯಾಯಗಳಲ್ಲಿ ಜ್ಞಾನವು ಹೆಣ್ಣಿನ ರೂಪದಲ್ಲಿ ಬರುತ್ತದೆ. ಆಕೆ ಗವಿಯಲ್ಲಿ ಕೂತು ತಪಸ್ಸು ಮಾಡುವವಳಲ್ಲ. ಬೀದಿಯಲ್ಲಿ, ಚೌಕದಲ್ಲಿ, ಊರಬಾಗಿಲಲ್ಲಿ ನಿಂತು ಗಟ್ಟಿಯಾಗಿ ಕೂಗುತ್ತಾಳೆ. ಏಳು ಕಂಬದ ಮನೆ ಕಟ್ಟಿ, ಅಡುಗೆ ಮಾಡಿಟ್ಟು, ದಾರಿಹೋಕರನ್ನು ಊಟಕ್ಕೆ ಕರೆಯುತ್ತಾಳೆ. ಕರೆದಾಗ ಬಾರದವರು ಮುಂದೆ ಸಂಕಟ ಬಂದು ಕೂಗಿದರೆ ಓಗೊಡುವುದಿಲ್ಲ ಎಂದು ಎಚ್ಚರಿಸುತ್ತಾಳೆ. ಮುಂದೆ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಶಿಲುಬೆಗೇರಿದ ಕ್ರಿಸ್ತನನ್ನೇ ದೇವರ ಜ್ಞಾನವೆಂದು ಕರೆದ. ಲೋಕದ ಜಾಣರಿಗೆ ಅದು ಮರುಳಾಗಿ ಕಾಣುತ್ತದೆ ಎಂಬುದನ್ನೂ ಸೇರಿಸಿದ. ಈ ಎರಡು ಮಾತುಗಳ ಮೇಲೆ ಕ್ರೈಸ್ತರ ಜ್ಞಾನದ ಕಲ್ಪನೆ ನಿಂತಿದೆ.

ಜ್ಞಾನೋಕ್ತಿಗಳಲ್ಲಿ ಬುದ್ಧಿಮಾತು ಕೇಳಿಸಿಕೊಳ್ಳುವವನು ದಾರಿಯ ಮೇಲಿನ ಅಪರಿಚಿತ ಮಾತ್ರವಲ್ಲ, ಮನೆಯ ಮಗನೂ ಹೌದು. ಹೇಳಿದ್ದನ್ನು ಧಿಕ್ಕರಿಸುವ ಅಪಾಯವಿರುವುದು ಆ ಮಗನಿಂದಲೇ. ಕಾನ್‌ಸ್ಟಾಂಟಿನೋಪಲ್ ಎಂದು ಆಗ ಕರೆಯುತ್ತಿದ್ದ ಇಸ್ತಾಂಬುಲ್‌ನ ಜ್ಞಾನದ ಮನೆಯ ಚರಿತ್ರೆಯೂ ಹಾಗೆಯೇ ನಡೆಯಿತು. ಅಲ್ಲಿ ಹಿತವಚನವನ್ನು ತಳ್ಳಿಹಾಕಿದವರಲ್ಲಿ ಹೆಚ್ಚಿನವರು ಅದೇ ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆದ, ಅದೇ ಬಲಿಪೀಠದೆದುರು ತಲೆಬಾಗಿದ ಜನ.

ಬಂಗಾರದ ಬಾಯಿ

ಇಲ್ಲಿನ ಮೊದಲ ಚರ್ಚು ಪ್ರತಿಷ್ಠೆಯಾದದ್ದು 360ರಲ್ಲಿ, ಎರಡನೆಯ ಕಾನ್‌ಸ್ಟಾಂಟಿಯಸ್ ಚಕ್ರವರ್ತಿಯ ಕಾಲದಲ್ಲಿ. ಆಗ ಜನ ಅದನ್ನು ದೊಡ್ಡ ಚರ್ಚು ಎಂದಷ್ಟೇ ಕರೆಯುತ್ತಿದ್ದರು. 398ರಲ್ಲಿ ಅಲ್ಲಿಗೆ ಬಿಷಪ್ ಆಗಿ ಬಂದವನು ಸಿರಿಯಾದ ಅಂತಿಯೋಕ್ಯದ ಜಾನ್. ಅವನ ಮಾತಿಗೆ ಮರುಳಾದ ಮುಂದಿನ ತಲೆಮಾರಿನವರು ಅವನಿಗೆ ಕ್ರಿಸೊಸ್ಟಮ್, ಅಂದರೆ ಬಂಗಾರದ ಬಾಯಿಯವ ಎಂದು ಹೆಸರಿಟ್ಟರು.

ಆ ಬಾಯಿಯ ಬಲ ಅಂತಿಯೋಕ್ಯದಲ್ಲೇ ಗೊತ್ತಾಗಿತ್ತು. 387ರಲ್ಲಿ ಹೊಸ ತೆರಿಗೆಯ ಸುದ್ದಿ ಕೇಳಿ ರೊಚ್ಚಿಗೆದ್ದ ಜನ ಚಕ್ರವರ್ತಿ ಥಿಯೋಡೋಸಿಯಸ್‌ನ ಮತ್ತು ಅವನ ಮನೆಯವರ ಪ್ರತಿಮೆಗಳನ್ನು ಉರುಳಿಸಿ ಎಳೆದಾಡಿದರು. ಅದು ರಾಜದ್ರೋಹ, ಇಡೀ ಊರಿಗೇ ಮರಣದಂಡನೆ ಬರಬಹುದಾದ ತಪ್ಪು. ವಯಸ್ಸಾದ ಬಿಷಪ್ ಫ್ಲೇವಿಯನ್ ಕ್ಷಮೆ ಬೇಡಲು ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ ಹೊರಟ. ಊರಲ್ಲುಳಿದ ಪಾದ್ರಿ ಜಾನ್ ತಪಸ್ಸುಕಾಲದುದ್ದಕ್ಕೂ ಹೆದರಿದ ಜನರಿಗೆ ಪ್ರಸಂಗ ಮಾಡಿದ. ಧೈರ್ಯ ಹೇಳಿದ, ಜೊತೆಗೆ ಅವರ ತಪ್ಪನ್ನೂ ತೋರಿಸಿದ. ಪ್ರಾಣಭಯದಲ್ಲಿದ್ದ ಊರು ಮೈಯೆಲ್ಲ ಕಿವಿಯಾಗಿ ಕೇಳಿತು. ಕ್ಷಮೆಯೂ ಸಿಕ್ಕಿತು.

ರಾಜಧಾನಿಯಲ್ಲಿ ಅಂಥ ಭಯವಿರಲಿಲ್ಲ. ಜನ ಕಿಕ್ಕಿರಿದು ಬರುತ್ತಿದ್ದರು, ಶೀಘ್ರಲಿಪಿಕಾರರು ಮಾತನ್ನು ಬರೆದುಕೊಳ್ಳುತ್ತಿದ್ದರು, ಒಳ್ಳೆಯ ಮಾತು ಬಿದ್ದಾಗ ನಾಟಕಶಾಲೆಯಲ್ಲಿ ಕೂತವರಂತೆ ಚಪ್ಪಾಳೆ ತಟ್ಟುತ್ತಿದ್ದರು. ಅದು ಜಾನ್‌ಗೆ ಹಿಡಿಸಲಿಲ್ಲ. ಅಪೊಸ್ತಲರ ಕೃತ್ಯಗಳ ಮೇಲೆ ಮಾಡಿದ ಒಂದು ಪ್ರಸಂಗದಲ್ಲಿ, ಹೊಗಳಿಕೆ ಕಿವಿಗೆ ಹಿತವೆಂಬುದನ್ನು ತಾನೇ ಒಪ್ಪಿಕೊಂಡು, ಇನ್ನು ಮುಂದೆ ಚರ್ಚಿನೊಳಗೆ ಚಪ್ಪಾಳೆ ಕೂಡದೆಂದು ನಿಯಮ ಮಾಡೋಣವೆಂದ. ಅದಕ್ಕೂ ಚಪ್ಪಾಳೆ ಬಿತ್ತು.

ಕೇಳುವುದಕ್ಕೂ ಕಿವಿಗೊಡುವುದಕ್ಕೂ ಇರುವ ಅಂತರ 399ರಲ್ಲಿ ಇನ್ನೂ ಚೆನ್ನಾಗಿ ಬಯಲಾಯಿತು. ಸುರಿಮಳೆಗೆ ಪೈರು ಹಾಳಾಗುವ ಹೊತ್ತಿನಲ್ಲಿ ಇಡೀ ಊರು ಮೆರವಣಿಗೆ ಹೊರಟು ಪ್ರಾರ್ಥಿಸಿತು. ಎರಡು ದಿನ ಕಳೆಯುವುದೇ ತಡ, ಅದೇ ಜನ ಕುದುರೆಬಂಡಿಗಳ ಪಂದ್ಯಕ್ಕೆ ಓಡಿದರು. ಪಂದ್ಯದ ಬಯಲು ಹಿಪ್ಪೋಡ್ರೋಮ್ ಚರ್ಚಿನಿಂದ ಕೂಗಳತೆಯ ದೂರದಲ್ಲಿತ್ತು. ಅದೂ ಶುಕ್ರವಾರ, ಕ್ರಿಸ್ತನ ಶಿಲುಬೆಯ ದಿನ. ಮುಂದಿನ ಪ್ರಸಂಗದಲ್ಲಿ ಜಾನ್ ಯಾರನ್ನೂ ಬಿಡಲಿಲ್ಲ.

ಅದೇ ವರ್ಷ ಬಲಿಪೀಠದ ಬಳಿಯಲ್ಲೇ ಒಂದು ಘಟನೆ ನಡೆಯಿತು. ಅರಮನೆಯ ನಪುಂಸಕ ಅಧಿಕಾರಿ ಯುಟ್ರೋಪಿಯಸ್ ಆಗ ಸಾಮ್ರಾಜ್ಯದ ಎರಡನೆಯ ದೊರೆಯಂತಿದ್ದ. ಜಾನ್‌ನನ್ನು ಅಂತಿಯೋಕ್ಯದಿಂದ ಗುಟ್ಟಾಗಿ ಕರೆಸಿಕೊಂಡು ಬಿಷಪ್ ಮಾಡಿಸಿದವನೂ ಅವನೇ. ಚರ್ಚಿನೊಳಗೆ ಓಡಿಬಂದು ಆಶ್ರಯ ಪಡೆಯುವವರ ಹಕ್ಕನ್ನು ಮೊಟಕುಗೊಳಿಸುವ ಕಾನೂನು ತಂದವನೂ ಅವನೇ. 399ರಲ್ಲಿ ಅವನ ಅದೃಷ್ಟ ತಿರುಗಿತು. ಸೈನಿಕರು ಬೆನ್ನಟ್ಟಿದಾಗ ಅವನು ಓಡಿಬಂದದ್ದು ಇದೇ ಚರ್ಚಿಗೆ. ಬಲಿಪೀಠವನ್ನು ಅಪ್ಪಿ ಹಿಡಿದು ನಡುಗುತ್ತ ಕೂತ. ಜಾನ್ ಸೈನಿಕರಿಗೆ ಅಡ್ಡ ನಿಂತ. ಅನಂತರ ಕಿಕ್ಕಿರಿದ ಜನರೆದುರು ಪ್ರಸಂಗಿ ಎಂಬ ಪುಸ್ತಕವನ್ನು ಹಿಡಿದು, ಎಲ್ಲವೂ ಬರಿಗಾಳಿ ಎಂಬ ಅದರ ತಿರುಳಿಗೆ ಕಣ್ಣೆದುರಿನ ನಿದರ್ಶನವಾಗಿ ಆ ಮನುಷ್ಯನನ್ನೇ ತೋರಿಸಿದ. ತನ್ನ ಬುದ್ಧಿಮಾತು ಕೇಳದ ಗೆಳೆಯನಿಗೆ ಆಶ್ರಯವನ್ನೂ ಕೊಟ್ಟ, ಅವನನ್ನು ಪಾಠವನ್ನಾಗಿಯೂ ಮಾಡಿದ. ಬಿದ್ದವನ ಮೇಲೆ ಕಲ್ಲು ಹಾಕಿದಂತಾಯಿತು ಎಂದು ಗೊಣಗಿದವರಿದ್ದರು. ಕೇಳಿ ಕಣ್ಣೀರಿಟ್ಟವರೂ ಇದ್ದರು. ಯುಟ್ರೋಪಿಯಸ್ ಉಳಿಯಲಿಲ್ಲ, ಮೊದಲು ಸೈಪ್ರಸ್‌ಗೆ ಗಡೀಪಾರಾಗಿ ಕೊನೆಗೆ ತಲೆ ಕಳೆದುಕೊಂಡ.

ಜಾನ್‌ನ ಬಾಯಿಂದ ಬಂದದ್ದೆಲ್ಲ ಬಂಗಾರವಾಗಿರಲಿಲ್ಲ. ಅಂತಿಯೋಕ್ಯದಲ್ಲಿ ಯಹೂದ್ಯರ ಹಬ್ಬಗಳಿಗೆ ಹೋಗುತ್ತಿದ್ದ ಕ್ರೈಸ್ತರನ್ನು ತಡೆಯಲೆಂದು ಅವನು ಯಹೂದ್ಯರ ವಿರುದ್ಧ ಕಾರಿದ ನಂಜು ಶತಮಾನಗಳ ಕಾಲ ದ್ವೇಷಿಗಳ ಕೈಗೆ ಆಯುಧವಾಯಿತು. ಜ್ಞಾನದ ಹೆಸರಿನಲ್ಲಿ ಆಡಿದ ಈ ಮಾತಿಗೆ ಕಿವಿಗೊಟ್ಟವರೇ ಹೆಚ್ಚು, ದುರಂತವೆಂದರೆ ಅದು.

ರಾಜಧಾನಿಯಲ್ಲಿ ಅವನನ್ನು ಮುಳುಗಿಸಿದ್ದು ಮಾತ್ರ ಬಡವರ ಪರವಾದ ಮಾತು. ಬಿಷಪ್ಪನ ಅರಮನೆಯ ಬೆಲೆಬಾಳುವ ಸಾಮಾನು ಮಾರಿ ಆಸ್ಪತ್ರೆ ನಡೆಸಿದ. ಔತಣಗಳನ್ನು ನಿಲ್ಲಿಸಿ ಒಬ್ಬನೇ ಕೂತು ಉಣ್ಣತೊಡಗಿದ. ಸಿರಿವಂತ ಹೆಂಗಸರ ಒಡವೆ, ಪಾದ್ರಿಗಳ ಸುಖಜೀವನ ಯಾವುದನ್ನೂ ಬಿಡದೆ ಟೀಕಿಸಿದ. 403ರಲ್ಲಿ ಅಲೆಕ್ಸಾಂಡ್ರಿಯಾದ ಬಿಷಪ್ ಥಿಯೋಫಿಲಸ್ ಓಕ್ ಎಂಬಲ್ಲಿ ಸಭೆ ಸೇರಿಸಿ ಅವನನ್ನು ಪಟ್ಟದಿಂದ ಇಳಿಸಿದ. ಗಡೀಪಾರಾದ ಕೆಲವೇ ದಿನಗಳಲ್ಲಿ ಅರಮನೆಯಲ್ಲಿ ಏನೋ ಅನಾಹುತ ನಡೆದು, ಬೆದರಿದ ಯುಡೋಕ್ಸಿಯಾಳೇ ಅವನನ್ನು ವಾಪಸ್ಸು ಕರೆಸಿದಳು. ಆಮೇಲೆ ಬೆಳ್ಳಿ ಪ್ರತಿಮೆ ಬಂತು, ಜಗಳ ಮತ್ತೆ ಹೊತ್ತಿತು. ಅಂತಿಯೋಕ್ಯದಲ್ಲಿ ಉರುಳಿದ ಪ್ರತಿಮೆಗಳು ಅವನ ಮಾತಿಗೆ ಕೇಳುಗರನ್ನು ತಂದುಕೊಟ್ಟಿದ್ದವು. ಇಲ್ಲಿ ಎದ್ದು ನಿಂತ ಪ್ರತಿಮೆ ಅವನ ಬಾಯಿಕಟ್ಟಿತು.

404ರ ಜೂನ್ 20ರಂದು ಅವನನ್ನು ಎರಡನೆಯ ಸಲ ಊರಿಂದ ಸಾಗಹಾಕಿದರು. ಆ ಹೊತ್ತಿಗೇ ಚರ್ಚಿಗೆ ಬೆಂಕಿ ಬಿತ್ತು. ಪಕ್ಕದ ಸೆನೆಟ್ ಭವನವೂ ಉರಿಯಿತು. ಹಚ್ಚಿದವರು ನೀವೇ ಎಂದು ಎರಡು ಕಡೆಯವರೂ ಒಬ್ಬರನ್ನೊಬ್ಬರು ದೂರಿದರು. ಚರ್ಚಿನ ಸೇವಕಿಯಾಗಿದ್ದ ಸಿರಿವಂತ ವಿಧವೆ ಒಲಿಂಪಿಯಾಸ್‌ಳನ್ನು ಬೆಂಕಿಯ ಆರೋಪದಲ್ಲಿ ವಿಚಾರಣೆಗೆ ಎಳೆದು ದಂಡ ಹಾಕಿದರು. ಗಡೀಪಾರಿನಿಂದ ಜಾನ್ ಆಕೆಗೆ ಬರೆದ 17 ಪತ್ರಗಳು ಉಳಿದಿವೆ. ಚಳಿ, ಹೊಟ್ಟೆನೋವು, ಕಳ್ಳರ ಭಯ ಎಲ್ಲವೂ ಅವುಗಳಲ್ಲಿವೆ. 407ರ ಸೆಪ್ಟೆಂಬರ್ 14ರಂದು ಇನ್ನೂ ದೂರದ ಊರಿಗೆ ನಡೆಸಿಕೊಂಡು ಹೋಗುತ್ತಿದ್ದಾಗ ಕೊಮಾನ ಎಂಬಲ್ಲಿ ಅವನು ಸತ್ತ.

438ರಲ್ಲಿ ಅವನ ಅಸ್ಥಿಯನ್ನು ರಾಜಧಾನಿಗೆ ಮೆರವಣಿಗೆಯಲ್ಲಿ ತಂದರು. ಪೆಟ್ಟಿಗೆಯ ಮೇಲೆ ಹಣೆಯಿಟ್ಟು ತನ್ನ ತಾಯಿತಂದೆಯ ತಪ್ಪನ್ನು ಮನ್ನಿಸೆಂದು ಬೇಡಿಕೊಂಡವನು ಚಕ್ರವರ್ತಿ ಎರಡನೆಯ ಥಿಯೋಡೋಸಿಯಸ್, ಯುಡೋಕ್ಸಿಯಾಳ ಮಗ.

39 ದಿನಗಳ ಬಿಡುವು

ಸುಟ್ಟ ಚರ್ಚಿನ ಜಾಗದಲ್ಲಿ 415ರಲ್ಲಿ ಎರಡನೆಯದು ಎದ್ದಿತು. ಅದರ ಮುಂಬಾಗಿಲ ಭಾಗದ ಕಲ್ಲುಗಳು, ಸಾಲಾಗಿ ಕುರಿಮರಿಗಳನ್ನು ಕೆತ್ತಿದ ಪಟ್ಟಿಕೆಯೂ ಸೇರಿ, 1935ರ ಉತ್ಖನನದಲ್ಲಿ ಸಿಕ್ಕವು. ಸೋಫಿಯಾ ಎಂಬ ಹೆಸರು ಜನರ ಬಾಯಲ್ಲಿ ನಿಂತದ್ದು ಈ ಎರಡನೆಯ ಕಟ್ಟಡದ ಕಾಲದಲ್ಲಿ.

532ರ ಜನವರಿಯಲ್ಲಿ ಅದೂ ಉರಿದುಹೋಯಿತು. ಈ ಸಲ ಕಿಡಿ ಹಾರಿದ್ದು ಜಾನ್ ಶಪಿಸಿದ ಹಿಪ್ಪೋಡ್ರೋಮಿನಿಂದಲೇ. ನೀಲಿ ಮತ್ತು ಹಸಿರು ಬಣ್ಣದ ಎರಡು ಪಂದ್ಯದ ಬಣಗಳು ಒಂದಾಗಿ ಜಸ್ಟೀನಿಯನ್ ಚಕ್ರವರ್ತಿಯ ಮೇಲೆ ತಿರುಗಿಬಿದ್ದವು. ಗೆಲ್ಲು ಎಂಬರ್ಥದ ನೀಕಾ ಎಂಬ ಅವರ ಕೂಗೇ ಆ ದಂಗೆಗೆ ಹೆಸರಾಯಿತು. ಪಂದ್ಯದ ಬಯಲಿನಲ್ಲೇ ಸೈನಿಕರು ಸುಮಾರು 30,000 ಜನರನ್ನು ಕೊಂದರೆಂದು ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಲೆಕ್ಕ ಕೊಡುತ್ತಾನೆ.

ಹೊಸ ಕಟ್ಟಡದ ಕೆಲಸ ಶುರುವಾದದ್ದು ಅದೇ ಫೆಬ್ರವರಿ 23ರಂದು. ಚರ್ಚು ಉರಿದು 39 ದಿನವಷ್ಟೇ ಆಗಿತ್ತು, ದಂಗೆ ಆರಂಭವಾಗಿ ಆರು ವಾರವೂ ಆಗಿರಲಿಲ್ಲ. ಟ್ರಾಲೆಸ್‌ನ ಆಂಥೀಮಿಯಸ್, ಮಿಲೇಟಸ್‌ನ ಇಸಿಡೋರ್ ಎಂಬ ಇಬ್ಬರು ಗಣಿತಜ್ಞರಿಗೆ ಹೊಣೆ ಬಿತ್ತು. ಆರು ವರ್ಷ ತುಂಬುವ ಮೊದಲೇ, 537ರ ಡಿಸೆಂಬರ್ 27ಕ್ಕೆ ಪ್ರತಿಷ್ಠೆ. ಆತುರದ ಬೆಲೆ ಆಮೇಲೆ ತೆರಬೇಕಾಯಿತು. 558ರಲ್ಲಿ ಗುಮ್ಮಟ ಕುಸಿಯಿತು. ಇಸಿಡೋರನ ಸಂಬಂಧಿಯೇ ಆದ ಕಿರಿಯ ಇಸಿಡೋರ್ ಅದನ್ನು ಇನ್ನೂ ಎತ್ತರಿಸಿ, ಇನ್ನೂ ಬಾಗಿಸಿ ಕಟ್ಟಿದ. ಆ ಗುಮ್ಮಟ ಮುಂದೆ 10 ಮತ್ತು 14ನೆಯ ಶತಮಾನಗಳಲ್ಲಿ ಭಾಗಶಃ ಬಿದ್ದು ದುರಸ್ತಿಯಾಗಿ ಇಂದಿಗೂ ನಿಂತಿದೆ. ನೆಲದಿಂದ ಸುಮಾರು 55 ಮೀಟರ್ ಎತ್ತರ, ಅಡ್ಡಳತೆ ಸುಮಾರು 31 ಮೀಟರ್. ಬುಡದ ಸುತ್ತ 40 ಕಿಟಕಿಗಳು. ಬೆಳಗಿನ ಬೆಳಕು ಅವುಗಳಿಂದ ನುಗ್ಗಿದಾಗ ಗುಮ್ಮಟಕ್ಕೂ ಗೋಡೆಗೂ ನಡುವೆ ಕಲ್ಲೇ ಇಲ್ಲವೇನೋ ಎಂಬಂತೆ ಕಾಣುತ್ತದೆ. 535ರಲ್ಲಿ ಜಸ್ಟೀನಿಯನ್ ಹೊರಡಿಸಿದ ಒಂದು ಕಾನೂನು ಈ ಚರ್ಚಿನ ಸಿಬ್ಬಂದಿಗೆ ಮಿತಿ ಹಾಕಿತು: 425 ಮಂದಿ ಪಾದ್ರಿವರ್ಗ, ಅವರಲ್ಲಿ 40 ಸೇವಕಿಯರು. ಬಾಗಿಲು ಕಾಯುವ 100 ಜನ ಬೇರೆ.

ದೇವರ ಜ್ಞಾನಕ್ಕೆ ಇಷ್ಟು ದೊಡ್ಡ ಮನೆ ಕಟ್ಟಿದ ಇದೇ ಜಸ್ಟೀನಿಯನ್ 529ರಲ್ಲಿ ಅಥೆನ್ಸಿನಲ್ಲಿ ತತ್ತ್ವಶಾಸ್ತ್ರದ ಬೋಧನೆಗೆ ಬಾಗಿಲು ಹಾಕಿಸಿದ. ಕೆಲಸ ಕಳೆದುಕೊಂಡ ತತ್ತ್ವಜ್ಞಾನಿಗಳು ಪರ್ಷಿಯಾದ ದೊರೆಯ ಆಸ್ಥಾನಕ್ಕೆ ಗುಳೆ ಹೋಗಿ, ಅಲ್ಲೂ ಒಗ್ಗದೆ 532ರ ಒಪ್ಪಂದದ ಆಸರೆಯಲ್ಲಿ ಮರಳಿದರು. ದೇವರ ಜ್ಞಾನ ಸಿಕ್ಕಮೇಲೆ ಲೋಕದ ಜ್ಞಾನ ಬೇಡವೇ? ಆ ಕಾಲದ ಕ್ರೈಸ್ತರಲ್ಲಿ ಇದಕ್ಕೆ ಒಂದೇ ಉತ್ತರವಿರಲಿಲ್ಲ. ಅಲೆಕ್ಸಾಂಡ್ರಿಯಾದ ಇಬ್ಬರನ್ನು ನೋಡಿದರೆ ಸಾಕು. ಜಾನ್ ಫಿಲೊಪೊನಸ್ ಎಂಬ ಕ್ರೈಸ್ತ ಪಂಡಿತ ಗ್ರೀಕರ ಖಗೋಳವನ್ನು ಅರಗಿಸಿಕೊಂಡು, ಭೂಮಿ ಗುಂಡಗಿದೆ ಎಂಬುದನ್ನು ಒಪ್ಪಿದ. ಅದೇ ಊರಿನ ವ್ಯಾಪಾರಿ ಕಾಸ್ಮಾಸ್‌ಗೆ ಅದು ಅನ್ಯಧರ್ಮೀಯರ ಅವಿವೇಕ. ಮೋಶೆ ಕಟ್ಟಿದ ದೇವದರ್ಶನದ ಗುಡಾರದಂತೆ ಜಗತ್ತೂ ಪೆಟ್ಟಿಗೆಯಾಕಾರದಲ್ಲಿದೆ ಎಂದು ಅವನು ದೊಡ್ಡ ಗ್ರಂಥವನ್ನೇ ಬರೆದ. ಆ ಗ್ರಂಥದ ಭೂಗೋಳ ಪೂರ್ತಿ ತಪ್ಪು, ಬಂದರುಗಳ ಪಟ್ಟಿ ಮಾತ್ರ ಬೆಲೆಯುಳ್ಳದ್ದು. ಕರಿಮೆಣಸು ಸಾಗಿಸುವ ಭಾರತದ ಪಡುಗಡಲ ಬಂದರುಗಳಲ್ಲಿ ಮಾಂಗರೂತ್ ಎಂದು ಅವನು ಹೆಸರಿಸಿದ್ದು ನಮ್ಮ ಮಂಗಳೂರನ್ನೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಹಾಗಿಯಾ ಸೋಫಿಯಾದ ಗುಮ್ಮಟ ಏಳುತ್ತಿದ್ದ ಶತಮಾನದಲ್ಲೇ ತುಳುನಾಡಿನ ಬಂದರಿನ ಹೆಸರು ಗ್ರೀಕ್ ಗ್ರಂಥವೊಂದಕ್ಕೆ ಸೇರಿತು.

ಬೀದಿಗೆ ಬಿದ್ದ ಕಾಗದ

ಎಲ್ಲರೂ ಇಲ್ಲಿಂದ ಕಿವಿಮುಚ್ಚಿಕೊಂಡೇ ಹೋಗಲಿಲ್ಲ. ಕೀವ್‌ನ ದೊರೆ ವ್ಲಾದಿಮಿರ್ ಯಾವ ಧರ್ಮ ಒಳ್ಳೆಯದೆಂದು ನೋಡಿಬರಲು ದೂತರನ್ನು ಕಳಿಸಿದನೆಂದೂ, ಹಾಗಿಯಾ ಸೋಫಿಯಾದ ಪೂಜೆ ಕಂಡು ಅವರು ಬೆರಗಾಗಿ ಮರಳಿದರೆಂದೂ ರಷ್ಯನ್ನರ ಹಳೆಯ ವೃತ್ತಾಂತ ಹೇಳುತ್ತದೆ. ಕತೆಯಲ್ಲಿ ಉಪ್ಪುಖಾರ ಎಷ್ಟಿದ್ದರೂ 988ರ ಸುಮಾರಿಗೆ ವ್ಲಾದಿಮಿರ್ ಕ್ರೈಸ್ತನಾದದ್ದು ನಿಜ. ಮುಂದಿನ ಶತಮಾನದಲ್ಲಿ ಕೀವ್‌ನಲ್ಲೂ ನೊವ್‌ಗೊರೊದ್‌ನಲ್ಲೂ ಇದೇ ಹೆಸರಿನ ಚರ್ಚುಗಳು ಎದ್ದವು. ದೂರದಿಂದ ಬಂದವರು ಒಪ್ಪಿಕೊಂಡರು.

ಒಳಗಿನವರ ಕತೆ ಬೇರೆ. 1054ರ ಜುಲೈ 16, ಶನಿವಾರ. ಪೂಜೆಗೆ ಅಣಿಯಾಗುತ್ತಿದ್ದ ಹೊತ್ತಿನಲ್ಲಿ ರೋಮಿನಿಂದ ಬಂದಿದ್ದ ಕಾರ್ಡಿನಲ್ ಹಂಬರ್ಟ್ ತನ್ನ ಜೊತೆಗಾರರೊಂದಿಗೆ ನೇರ ಬಲಿಪೀಠದ ಬಳಿಗೆ ನಡೆದು, ಅಲ್ಲಿನ ಮುಖ್ಯ ಬಿಷಪ್ಪನಾದ ಪೇಟ್ರಿಯಾರ್ಕ್ ಮೈಕೇಲ್ ಸೆರುಲಾರಿಯಸ್‌ನನ್ನು ಬಹಿಷ್ಕರಿಸುವ ಪತ್ರವನ್ನು ಅದರ ಮೇಲಿಟ್ಟು ಹೊರಬಿದ್ದ. ಪ್ರಸಾದದ ರೊಟ್ಟಿಗೆ ಹುಳಿ ಸೇರಿಸಬೇಕೆ ಬೇಡವೆ, ಪೋಪರ ಅಧಿಕಾರ ಎಲ್ಲಿಯವರೆಗೆ ಎಂಬ ವಾದಗಳು ಬೆಳೆದು ಅಲ್ಲಿಗೆ ಮುಟ್ಟಿದ್ದವು. ಚರ್ಚಿನ ಕಿರಿಯ ಸೇವಕನೊಬ್ಬ ಕಾಗದ ಹಿಡಿದು ಹಿಂದೆ ಓಡಿ, ವಾಪಸ್ಸು ತೆಗೆದುಕೊಳ್ಳಿ ಎಂದು ಅಂಗಲಾಚಿದ. ಹಂಬರ್ಟ್ ಮುಟ್ಟಲಿಲ್ಲ. ಕಾಗದ ಬೀದಿಗೆ ಬಿತ್ತು. ಅವನನ್ನು ಕಳಿಸಿದ ಪೋಪ್ ಒಂಬತ್ತನೆಯ ಲಿಯೋ ಏಪ್ರಿಲ್‌ನಲ್ಲೇ ತೀರಿಕೊಂಡಿದ್ದರು, ಹಾಗಾಗಿ ಆ ಪತ್ರಕ್ಕೆ ಅಧಿಕಾರವಿತ್ತೇ ಎಂಬುದೇ ಅನುಮಾನ. ಪೇಟ್ರಿಯಾರ್ಕ್ ತಿರುಗಿ ಬಹಿಷ್ಕಾರ ಹಾಕಿದ. ಎರಡೂ ಬಹಿಷ್ಕಾರಗಳನ್ನು ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್ ಹಿಂತೆಗೆದುಕೊಂಡದ್ದು 1965ರ ಡಿಸೆಂಬರ್ 7ರಂದು, 911 ವರ್ಷಗಳ ಮೇಲೆ.

ನಡುವಿನ ಆ ಶತಮಾನಗಳಲ್ಲಿ ಆಗಬಾರದ್ದು ಆಗಿತ್ತು. ಜೆರುಸಲೇಮಿಗೆಂದು ಪಶ್ಚಿಮದಿಂದ ಧರ್ಮಯುದ್ಧಕ್ಕೆ ಹೊರಟ ನಾಲ್ಕನೆಯ ಕ್ರುಸೇಡಿನವರು 1204ರ ಏಪ್ರಿಲ್‌ನಲ್ಲಿ ಈ ಕ್ರೈಸ್ತ ನಗರವನ್ನೇ ಸೂರೆಹೊಡೆದರು. ಬೆಳ್ಳಿಬಂಗಾರ ಹೇರಲು ಹೇಸರಗತ್ತೆಗಳನ್ನು ಹಾಗಿಯಾ ಸೋಫಿಯಾದೊಳಗೇ ಹೊಡೆದುಕೊಂಡು ಬಂದರೆಂದು ಕಣ್ಣಾರೆ ಕಂಡ ನಿಕೀಟಾಸ್ ಕೋನಿಯಾಟೀಸ್ ಬರೆದಿಟ್ಟಿದ್ದಾನೆ. ನಗರ ಗ್ರೀಕರಿಗೆ ಮರಳಿದ್ದು 1261ರಲ್ಲಿ.

ಆ ಗಾಯ ಮಾಯಲಿಲ್ಲ. ಒಟ್ಟೋಮನ್ ತುರ್ಕರು ಬಾಗಿಲಿಗೆ ಬಂದಾಗ ಪಶ್ಚಿಮದ ನೆರವಿಗಾಗಿ ಚಕ್ರವರ್ತಿ ರೋಮಿನೊಂದಿಗೆ ಒಂದಾಗಲು ಒಪ್ಪಿದ. 1439ರಲ್ಲಿ ಫ್ಲಾರೆನ್ಸಿನಲ್ಲಿ ಆದ ಒಪ್ಪಂದವನ್ನು 1452ರ ಡಿಸೆಂಬರ್ 12ರಂದು ಹಾಗಿಯಾ ಸೋಫಿಯಾದಲ್ಲಿ ಓದಿ ಸಾರಿದರು. ಊರಿನ ಬಹುಪಾಲು ಜನಕ್ಕೆ ಅದು ಒಪ್ಪಿಗೆಯಾಗಲಿಲ್ಲ. ಅಂದಿನಿಂದ ಅವರು ಆ ಚರ್ಚಿನ ಹೊಸ್ತಿಲು ತುಳಿಯುವುದನ್ನೇ ಬಿಟ್ಟರು. ಒಗ್ಗಟ್ಟಿನ ಮಾತಿಗೆ ಕಿವಿಗೊಡದವರು ದೇವರ ಜ್ಞಾನವನ್ನು ತೊರೆದರೇ, ಅಥವಾ ರಾಜಕೀಯದ ಅವಸರಕ್ಕೆ ವಿಶ್ವಾಸವನ್ನು ಅಡವಿಡಲು ನಿರಾಕರಿಸಿ ಅದನ್ನೇ ಕಾಪಾಡಿದರೇ ಎಂಬ ತಕರಾರು ಎರಡು ಸಭೆಗಳ ನಡುವೆ ಇನ್ನೂ ಮುಗಿದಿಲ್ಲ. ಐದೂವರೆ ತಿಂಗಳು ಆ ಗುಮ್ಮಟದ ಕೆಳಗೆ ಹೆಚ್ಚು ಜನವಿರಲಿಲ್ಲ. 1453ರ ಮೇ 28ರ ಸಂಜೆ, ಕೋಟೆ ಬೀಳುವುದು ಖಚಿತವಾದಾಗ, ಗ್ರೀಕರೂ ಲ್ಯಾಟಿನರೂ ಹಠ ಬಿಟ್ಟು ಒಟ್ಟಿಗೆ ಒಳಗೆ ಬಂದರು. ಮರುದಿನ ನಗರ ಬಿತ್ತು.

ಈಗ

ಸುಲ್ತಾನ ಎರಡನೆಯ ಮೆಹ್ಮದ್ ಕಟ್ಟಡವನ್ನು ಕೆಡವಲಿಲ್ಲ, ಮಸೀದಿ ಮಾಡಿದ. ಸೋಫಿಯಾ ಎಂಬ ಹೆಸರನ್ನೂ ಬದಲಿಸಲಿಲ್ಲ. ತುರ್ಕಿಯಲ್ಲಿ ಅದು ಅಯಾಸೋಫ್ಯಾ ಆಯಿತು. 16ನೆಯ ಶತಮಾನದಲ್ಲಿ ಮಹಾಶಿಲ್ಪಿ ಸಿನಾನ್ ಒತ್ತುಗೋಡೆಗಳನ್ನು ಕೊಟ್ಟು ಅದನ್ನು ಗಟ್ಟಿಗೊಳಿಸಿದ. 1934ರ ತೀರ್ಮಾನದಂತೆ ಮರುವರ್ಷ ವಸ್ತುಸಂಗ್ರಹಾಲಯವಾಗಿ ತೆರೆಯಿತು. 2020ರ ಜುಲೈ 10ರಂದು ತುರ್ಕಿಯ ನ್ಯಾಯಾಲಯ ಆ ತೀರ್ಮಾನ ರದ್ದುಮಾಡಿತು, ಜುಲೈ 24ರಿಂದ ಮತ್ತೆ ನಮಾಜು ನಡೆಯುತ್ತಿದೆ. 867ರಲ್ಲಿ ಅನಾವರಣಗೊಂಡ ಮಗುವನ್ನೆತ್ತಿದ ಮರಿಯಳ ಮೊಸಾಯಿಕ್ ಚಿತ್ರ ಮೇಲೆ ಇನ್ನೂ ಇದೆ, ನಮಾಜಿನ ಹೊತ್ತಿಗೆ ಪರದೆ ಮುಚ್ಚುತ್ತಾರೆ.

ಗಡೀಪಾರಾದ ಬಿಷಪ್ಪನ ಹೆಸರು ಉಳಿದದ್ದು ಕಟ್ಟಡದಲ್ಲಲ್ಲ. ಗ್ರೀಸ್‌ನಿಂದ ರಷ್ಯಾದವರೆಗೆ ಆರ್ಥೊಡಾಕ್ಸ್ ಚರ್ಚುಗಳಲ್ಲಿ ವರ್ಷದ ಬಹುಪಾಲು ಭಾನುವಾರಗಳಂದು ನಡೆಯುವ ಪೂಜಾವಿಧಿಗೆ ಇಂದಿಗೂ ಜಾನ್ ಕ್ರಿಸೊಸ್ಟಮ್‌ನ ಹೆಸರಿದೆ. ಅದರಲ್ಲಿ ಸುವಾರ್ತೆ ಓದುವ ಮುನ್ನ ಜನರ ಗಮನ ಸೆಳೆಯಲು ಒಂದು ಮಾತನ್ನು ಗಟ್ಟಿಯಾಗಿ ಕೂಗುವ ಪದ್ಧತಿಯಿದೆ. ಗ್ರೀಕ್ ಚರ್ಚುಗಳಲ್ಲಿ ಆ ಮಾತು ಸೋಫಿಯಾ. ಕೂಗು ಕೇಳಿದೊಡನೆ ಜನ ಎದ್ದು ನೆಟ್ಟಗೆ ನಿಲ್ಲಬೇಕು.